ನೀರೇ ಕಟ್ಟಿದ ಕೋಟೆ

ನಮ್ಮ ಮನೆಯ ಗೋಡೆಯ ಮೇಲೆ ಕಳೆದ ವರ್ಷದ ಕ್ಯಾಲೆಂಡರೊಂದು ಇನ್ನೂ ತೂಗಾಡುತ್ತಿದೆ. ಅದರಲ್ಲಿ ಆಗಸ್ಟ್ ತಿಂಗಳು ಮುಗಿದೇ ಇಲ್ಲ. ಬಂದವರು, "ಏನ್ರೀ, ಕನ್ನಡ ಮಾಸ್ತರರ ಮನೆಯಲ್ಲಿ ಕಾಲ ನಿಂತೇಬಿಟ್ಟಿತೇನು?" ಎಂದು ನಗುತ್ತಾರೆ. ನಾನೂ ಅವರೊಡನೆ ನಗುತ್ತೇನೆ. ಹಾಳೆಯನ್ನು ಮಾತ್ರ ತಿರುವಿಲ್ಲ.

ಕ್ಯಾಲೆಂಡರನ್ನು ಕಳಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಸ್ವಿಟ್ಜರ್ಲೆಂಡಿನಲ್ಲಿ ಇಂಜಿನಿಯರನಾಗಿದ್ದಾನೆ. ಪಿ.ಯು.ಸಿ.ಯಲ್ಲಿ ಎರಡು ವರ್ಷ ನನ್ನ ಕನ್ನಡ ಪಾಠ ಕೇಳಿದ್ದಕ್ಕೂ ಆತ ಆ ದೇಶಕ್ಕೆ ಹೋದದ್ದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಹುಡುಗ ಮಾಸ್ತರರನ್ನು ಮರೆತಿಲ್ಲ. ತಿಂಗಳಿಗೊಂದರಂತೆ ಹನ್ನೆರಡು ಚಿತ್ರಗಳು. ಎಲ್ಲವೂ ಆಲ್ಪ್ಸ್ ಪರ್ವತದ ಹಳೆಯ ಕೋಟೆಗಳು. ನಮ್ಮ ಮನೆಯವರು ಮೊದಲು ಅದನ್ನು ಸಂತೋಷದಿಂದಲೇ ನಡುಮನೆಯಲ್ಲಿ ತೂಗುಹಾಕಿದರು. ಆಮೇಲೆ ಅದರಲ್ಲಿ ಏಕಾದಶಿಯೂ ಇಲ್ಲ, ಅಮಾವಾಸ್ಯೆಯೂ ಇಲ್ಲ, ರಾಹುಕಾಲವಂತೂ ಇಲ್ಲವೇ ಇಲ್ಲ ಎಂಬುದು ಗೊತ್ತಾಗಿ ನನ್ನ ಓದುವ ಕೋಣೆಗೆ ಗಡೀಪಾರು ಮಾಡಿದರು. ಅಂತೂ ನಾನೂ ಆ ಕೋಟೆಗಳೂ ಒಂದೇ ಕೋಣೆಯಲ್ಲಿ ಸೆರೆಯಾದೆವು.

ಆಗಸ್ಟ್ ತಿಂಗಳಿಗೆ ಬಂದದ್ದು ಜಿನೀವಾ ಸರೋವರದ ಶಿಯೋನ್ ದುರ್ಗ. ನಾನು ಬಿ.ಎ. ಓದುವಾಗ ನಮ್ಮ ಇಂಗ್ಲಿಷ್ ಅಧ್ಯಾಪಕರು ಅದನ್ನು 'ಚಿಲ್ಲಾನ್' ಎನ್ನುತ್ತಿದ್ದರು. ಬೈರನ್ ಕವಿ ಆ ಕೋಟೆಯ ಸೆರೆಯಾಳಿನ ಮೇಲೆ ಒಂದು ಕವಿತೆ ಬರೆದಿದ್ದಾನೆ, ಅದು ನಮಗೆ ಪಠ್ಯವಾಗಿತ್ತು. ದಡಕ್ಕೆ ತೀರ ಹತ್ತಿರದ ಒಂದು ಬಂಡೆ. ಆ ಬಂಡೆ ಹೇಗೆ ಬೆಳೆದಿದೆಯೋ ಹಾಗೆಯೇ ಅದರ ಮೇಲೆ ಎದ್ದ ಗೋಡೆಗಳು. ಸುತ್ತ ನೀಲಿ ನೀರು, ಹಿಂದೆ ಹಿಮದ ಬೆಟ್ಟ. ನೋಡಿದರೆ ಯಾರೋ ಕವಿಯೇ ಕಟ್ಟಿಸಿರಬೇಕೆನ್ನಿಸುತ್ತದೆ. ಕಟ್ಟಿಸಿದವರು ಸವಾಯ್ ಮನೆತನದ ದೊರೆಗಳು. ಅವರ ಕಣ್ಣು ಇದ್ದದ್ದು ನೀಲಿ ನೀರಿನ ಮೇಲಲ್ಲ. ಇಟಲಿಯಿಂದ ಬೆಟ್ಟ ದಾಟಿ ಬರುವ ವರ್ತಕರ ದಾರಿ ಅಲ್ಲಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೀರು ಇವೆರಡರ ನಡುವೆ ಇಕ್ಕಟ್ಟಾಗಿ ನುಸುಳಬೇಕು. ಆ ಇಕ್ಕಟ್ಟಿನಲ್ಲಿ ಕುಳಿತವನಿಗೆ ಸುಂಕ ತಪ್ಪುವುದಿಲ್ಲ. ಸುಂಕದ ಕಟ್ಟೆಯೇ ಬೆಳೆದು ಕೋಟೆಯಾಯಿತು. ಕೋಟೆ ಬೆಳೆದ ಮೇಲೆ ಅದರ ಹೊಟ್ಟೆಯಲ್ಲಿ ಸೆರೆಮನೆಯಾಯಿತು. ಬೋನಿವಾರ್ ಎಂಬ ಧರ್ಮಾಧಿಕಾರಿಯನ್ನು ಸವಾಯ್ ದೊರೆ 1530ರಲ್ಲಿ ಹಿಡಿದು ಅಲ್ಲಿಟ್ಟ. ಕೊನೆಯ ನಾಲ್ಕು ವರ್ಷ ಆತನನ್ನು ನೆಲಮಾಳಿಗೆಯ ಕಂಬಕ್ಕೆ ಕಟ್ಟಿ ಹಾಕಿದ್ದರಂತೆ. 1536ರಲ್ಲಿ ಬರ್ನ್ ನಗರದವರ ದಂಡು ಬಂದು ಕೋಟೆಯನ್ನು ಗೆದ್ದು ಆತನನ್ನು ಬಿಡಿಸಿತು. ಬೈರನ್ ಅದನ್ನು ನೋಡಲು ಹೋದದ್ದು 1816ರಲ್ಲಿ. ಆತನ ಸಹಿಯೆಂದು ತೋರಿಸುವ ಒಂದು ಗೀರು ಈಗಲೂ ಅಲ್ಲಿ ಕಂಬದ ಮೇಲೆ ಇದೆಯಂತೆ. ನಮ್ಮ ಕೋಟೆಗಳ ಮೇಲೆ ಹೆಸರು ಕೊರೆಯುವ ಹುಡುಗರನ್ನು ಬೈಯುವಾಗ ನಾನು ಈ ಸಂಗತಿಯನ್ನು ಹೇಳುವುದಿಲ್ಲ.

ನಾನು ಹುಟ್ಟಿದ್ದು ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಲ್ಲಿ. ಹೊರಗಿನವರಿಗೆ ಹೆಸರು ಹೇಳಿದರೆ ಗೊತ್ತಾಗದು. ಹಟ್ಟಿ ಚಿನ್ನದ ಗಣಿಯ ಹತ್ತಿರ ಎಂದರೆ ಕಣ್ಣರಳಿಸುತ್ತಾರೆ. ಅಮರೇಶ್ವರನ ಜಾತ್ರೆಗೆ ಬಂದವರಿಗೆ ಮಾತ್ರ ವಿವರಿಸಬೇಕಾಗಿಲ್ಲ. ನಿಜಾಮರ ಕಾಲದಲ್ಲಿ ಅದೊಂದು ಸಂಸ್ಥಾನ. ಗದ್ವಾಲ, ವನಪರ್ತಿ, ಆನೆಗೊಂದಿಗಳ ಸಾಲಿನಲ್ಲಿ ಗುರುಗುಂಟಾದ ನಾಯಕರ ಹೆಸರೂ ಇತ್ತು. 1949ರಲ್ಲಿ ಹೈದರಾಬಾದು ರಾಜ್ಯದ ಜಹಗೀರುಗಳು ರದ್ದಾದ ಮೇಲೆ ಅದೂ ಹೋಯಿತು. ನಮ್ಮ ಕಾಲಕ್ಕೆ ಸಂಸ್ಥಾನವೆಂದರೆ ಹಿರಿಯರ ಮಾತಿನಲ್ಲಿ ಉಳಿದ ಒಂದು ಗತ್ತು, ಅಷ್ಟೇ.

ಆದರೆ ಊರನ್ನು ನಡುವಿಟ್ಟು ಸುತ್ತ ನೋಡಿದರೆ ಕೋಟೆಗಳಿಗೇನೂ ಬರಗಾಲವಿಲ್ಲ. ಪಡುವಲಿಗೆ ಮುದಗಲ್ಲು, ಮೂಡಲಿಗೆ ರಾಯಚೂರು, ಬಡಗಲಿಗೆ ಕೃಷ್ಣೆಯ ನಡುಗಡ್ಡೆಯ ಮೇಲೆ ಜಲದುರ್ಗ. ಇದೆಲ್ಲ ಕೃಷ್ಣೆ ತುಂಗಭದ್ರೆಗಳ ನಡುವಿನ ನೆಲ. ಇತಿಹಾಸದವರು ಇದನ್ನು 'ರಾಯಚೂರು ದೋಆಬ್' ಎನ್ನುತ್ತಾರೆ. ಆ ಪಾರಸಿ ಹೆಸರು ಬರುವುದಕ್ಕೆ ಮೊದಲೇ ನಮ್ಮ ಶಾಸನಗಳು ಇದನ್ನು 'ಎಡೆದೊರೆ' ಎಂದು ಕರೆದಿದ್ದವು. ಎರಡು ತೊರೆಗಳ ಎಡೆ. ಎಷ್ಟು ಚೆಂದದ ಮಾತು! ಆದರೆ ಎರಡು ಹೊಳೆಗಳ ನಡುವೆ ಇರುವುದೆಂದರೆ ಎರಡು ರಾಜ್ಯಗಳ ನಡುವೆ ಇರುವುದೂ ಹೌದು. ಬಹಮನಿಯವರಿಗೆ ತುಂಗಭದ್ರೆಯವರೆಗೆ ಬೇಕು, ವಿಜಯನಗರದವರಿಗೆ ಕೃಷ್ಣೆಯವರೆಗೆ ಬೇಕು. ಇಬ್ಬರಿಗೂ ಬೇಕಾದ ನೆಲಕ್ಕೆ ಕೋಟೆಗಳು ಬಾರದೆ ಇದ್ದಾವೆಯೇ?

ಮುದಗಲ್ಲನ್ನೇ ನೋಡಿ. ನಾನು ಪ್ರತಿವರ್ಷ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಗುಡ್ಡದ ಮೇಲಿನ ಹಳೆಯ ಗೋಡೆ ಬಂಡೆಯಿಂದ ಬಂಡೆಗೆ ಹಾರಿಕೊಂಡು ಹೋಗಿದೆ. ಎಲ್ಲಿ ಬಂಡೆ ತಾನೇ ಗೋಡೆಯ ಕೆಲಸ ಮಾಡುತ್ತದೆಯೋ ಅಲ್ಲಿ ಕಟ್ಟುವವನು ಸುಮ್ಮನೆ ಬಿಟ್ಟಿದ್ದಾನೆ. ಕೆಳಗಿನ ಹೊರಕೋಟೆಯ ರೀತಿಯೇ ಬೇರೆ. ಅದು ತೋಪುಗಳ ಕಾಲದ್ದು. ಎತ್ತರದ ಗೋಡೆ ತೋಪಿಗೆ ಒಳ್ಳೆಯ ಗುರಿ. ಆದ್ದರಿಂದ ಎತ್ತರಕ್ಕಿಂತ ದಪ್ಪಕ್ಕೆ ಬೆಲೆ ಬಂತು, ಬುರುಜುಗಳು ದುಂಡಗೆ ದೊಡ್ಡವಾದವು, ಸುತ್ತಲಿನ ಕಂದಕ ಅಗಲವಾಯಿತು. 'ಕಂದಕ' ಎಂದಾಗಲೆಲ್ಲ ಹುಡುಗರಿಗೆ ಹೇಳುತ್ತೇನೆ: ಇದು ಸಂಸ್ಕೃತದ ವೇಷ ಹಾಕಿದ ಅರಬ್ಬಿ ಮಾತು, ನಮ್ಮದು 'ಅಗಳು'. ತೆನೆ, ಕೊತ್ತಳ, ಆಳುವೇರಿ ನಮ್ಮವು. ಬುರುಜು, ದರವಾಜ, ಕಿಲ್ಲೇದಾರ ಅವರವು. ಕೋಟೆಗಾಗಿ ಎರಡು ಶತಮಾನ ಬಡಿದಾಡಿದವರ ಮಾತುಗಳು ಅದೇ ಕೋಟೆಯೊಳಗೆ ಜಗಳವಿಲ್ಲದೆ ಬಾಳುತ್ತಿವೆ. ಮುದಗಲ್ಲಿನ ಮೊಹರಮ್ ನೋಡಿದವರಿಗೆ ಇದೇನೂ ಆಶ್ಚರ್ಯವೆನ್ನಿಸದು.

ಇದೇ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳಿಗಾಗಿ 1406ರಲ್ಲಿ ಒಂದು ಯುದ್ಧವೇ ನಡೆಯಿತೆಂದು ಫೆರಿಸ್ತಾ ಬರೆದಿದ್ದಾನೆ. ಮೊದಲನೆಯ ದೇವರಾಯ ಆಕೆಯ ಚೆಲುವಿನ ಸುದ್ದಿ ಕೇಳಿ ಕರೆಸಿದನಂತೆ, ಆಕೆ ಒಲ್ಲೆನೆಂದಳಂತೆ, ರಾಯ ದಂಡು ಕಳಿಸಿದರೆ ಅಷ್ಟರಲ್ಲಿ ಆ ಮನೆಯವರೆಲ್ಲ ಊರು ಬಿಟ್ಟಿದ್ದರಂತೆ. ಅದನ್ನೇ ನೆಪಮಾಡಿ ಫಿರೋಜ್ ಶಹ ಏರಿಬಂದು, ಕೊನೆಗೆ ರಾಯನ ಮಗಳನ್ನೂ ಬಂಕಾಪುರದ ಕೋಟೆಯನ್ನೂ ಪಡೆದ. ಕಥೆ ಎಷ್ಟು ನಿಜವೋ! ಅದರಲ್ಲಿ ನನಗೆ ಹಿಡಿಸುವುದು ಒಂದೇ. ಇಷ್ಟು ದೊಡ್ಡ ಕೋಟೆ ಪಕ್ಕದಲ್ಲಿದ್ದೂ ಆ ಹುಡುಗಿ ಅದನ್ನು ನಂಬಲಿಲ್ಲ; ಓಡುವುದೇ ಲೇಸೆಂದುಕೊಂಡಳು.

ಶಿಯೋನಿನ ಚಿತ್ರ ನೋಡಿದಾಗ ನೆನಪಾದದ್ದು ಮಾತ್ರ ಮುದಗಲ್ಲಲ್ಲ, ಜಲದುರ್ಗ. ನನ್ನ ಸೋದರತ್ತೆಯನ್ನು ಕೊಟ್ಟ ಊರು ಅದು.

ಲಿಂಗಸುಗೂರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರು ಹೋದರೆ ಕೃಷ್ಣೆ ಇದ್ದಕ್ಕಿದ್ದಂತೆ ತನ್ನ ಸ್ವಭಾವ ಬದಲಿಸುತ್ತಾಳೆ. ಅಲ್ಲಿಯವರೆಗೆ ಸಾವಕಾಶವಾಗಿ ಬಂದವಳು ದಖ್ಖನಿನ ಎತ್ತರದ ನೆಲದಿಂದ ರಾಯಚೂರು, ಸುರಪುರಗಳ ತಗ್ಗಿಗೆ ಇಳಿಯುತ್ತಾಳೆ. ಮೂರು ಮೈಲಿಯೊಳಗೆ ನಾನೂರು ಅಡಿ ಇಳಿತವೆಂದು ಹಳೆಯ ಗೆಜೆಟಿಯರು ಲೆಕ್ಕ ಕೊಡುತ್ತದೆ. ಹಾಗೆ ಬಂಡೆಗಳ ನಡುವೆ ದಾರಿ ಹುಡುಕುತ್ತ ಎರಡು ಕವಲಾಗಿ ಒಡೆದು ಮತ್ತೆ ಕೂಡುತ್ತಾಳೆ. ಕವಲುಗಳ ನಡುವೆ ಉಳಿದ ನೆಲವನ್ನು ನಮ್ಮ ಕಡೆ 'ಗಡ್ಡಿ' ಎನ್ನುತ್ತಾರೆ. ಅಂಥ ಗಡ್ಡಿಯ ಮೇಲಿನ ಕೋಟೆ ಜಲದುರ್ಗ. ವಿಜಾಪುರದ ಆದಿಲಶಾಹಿಗಳು ಬಹುಕಾಲ ಆಳಿದ್ದು. ಕೆಲವೆಡೆ ಗೋಡೆ ಬಿದ್ದಿದೆ, ಕೆಲವೆಡೆ ಮೊನ್ನೆ ಕಟ್ಟಿದಂತಿದೆ. ಮೇಲಿನಿಂದ ಕೆಳಗೆ ನೋಡಿದರೆ ತಲೆ ಗಿರ್ರೆನ್ನುವಷ್ಟು ಆಳದಲ್ಲಿ ನೀರು. ಅಲ್ಲಿಂದ ಅಪರಾಧಿಗಳನ್ನು ಕೆಳಕ್ಕೆ ನೂಕುತ್ತಿದ್ದರೆಂದು ಊರವರು ಜಾಗ ತೋರಿಸುತ್ತಾರೆ.

ಬೇಸಗೆಯ ರಜೆಯಲ್ಲಿ ನಮ್ಮ ತಂದೆ ನನ್ನನ್ನು ಅಲ್ಲಿ ಬಿಟ್ಟು ಬರುತ್ತಿದ್ದರು. ಅತ್ತೆಯ ಗಂಡ, ನನ್ನ ಮಾವ, ಎರಡೆಕರೆ ಹೊಲದ ರೈತ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಕೋಟೆಯ ವಿಷಯ ಬಂದರೆ ಅವನೇ ಕಿಲ್ಲೇದಾರ. ಹರಿಗೋಲಿನಲ್ಲಿ ಕೂರಿಸಿಕೊಂಡು, ಗೋಡೆಯ ಬುಡದಲ್ಲಿ ತೇಲುತ್ತ, ಒಂದೊಂದು ಬುರುಜಿಗೂ ಒಂದೊಂದು ಕಥೆ ಹೇಳುತ್ತಿದ್ದ. ನೀರು ಇಳಿದಾಗ ಬಂಡೆಯಿಂದ ಬಂಡೆಗೆ ಕಾಲಿಡುತ್ತ ಮೀನಿನ ಮಡುಗಳನ್ನು ತೋರಿಸುತ್ತಿದ್ದ. ಕೊನೆಗೆ ತಪ್ಪದೆ ಬರುತ್ತಿದ್ದ ಮಾತು ಒಂದು: "ನಮ್ಮ ಕ್ವಾಟಿನೊಳಗ ಯಾವ ದಂಡೂ ಕಾಲಿಟ್ಟಿಲ್ಲ, ತಮ್ಮಾ. ಮುದಗಲ್ಲು ಬಿತ್ತು, ರಾಯಚೂರು ಬಿತ್ತು. ಕಲ್ಲಿನ ಗ್ವಾಡಿ ಕೆಡವಬಹುದು, ನೀರಿನ ಗ್ವಾಡಿ ಹೆಂಗ ಕೆಡವತಾರ?"

ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಓದಿನ ಸೊಕ್ಕು ತೋರಿಸಬೇಕೆನ್ನಿಸಿತು. ಅವನ ಕಟ್ಟೆಯ ಮೇಲೆ ಕುಳಿತು, ಅವನ ಮನೆಯ ಚಹಾ ಕುಡಿಯುತ್ತ, ಉಪನ್ಯಾಸ ಕೊಟ್ಟೆ. ಮಾವಾ, ಕೋಟೆ ಬೀಳುವುದು ಗೋಡೆ ಬಿದ್ದು ಅಲ್ಲ ಎಂದೆ. ರಾಯಚೂರಿನ ಕೋಟೆಯಲ್ಲಿ ನಲವತ್ತೊಂದೂವರೆ ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ದಂಡನಾಯಕ ಗೋರೆ ಗಂಗಯ್ಯರೆಡ್ಡಿ 1294ರಲ್ಲಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ಬರೆಸಿದ್ದಾನೆ. ಆ ಕಲ್ಲನ್ನು ಬಂಡಿಯ ಮೇಲಿಟ್ಟು ಕೋಣಗಳ ಸಾಲು ಎಳೆದು ತರುವ ಚಿತ್ರವೂ ಪಕ್ಕದಲ್ಲಿದೆ. ಅಷ್ಟು ಕಷ್ಟಪಟ್ಟು ತಂದ ಕಲ್ಲಿನ ಕೋಟೆಯನ್ನು 1520ರಲ್ಲಿ ಕೃಷ್ಣದೇವರಾಯ ಮುತ್ತಿದಾಗ ಏನಾಯಿತು ಗೊತ್ತೇ? ಪೋರ್ಚುಗೀಸರ ನೂನಿಜ್ ಬರೆದಿಟ್ಟಿದ್ದಾನೆ. ಸೈನಿಕರು ಗುದ್ದಲಿ, ಹಾರೆ ಹಿಡಿದು ಗೋಡೆಯ ಬುಡಕ್ಕೆ ಹೋಗಲು ಅಂಜಿದರು; ಮೇಲಿನಿಂದ ಗುಂಡು, ಬಾಣ, ಬಂಡೆ ಬೀಳುತ್ತಿತ್ತು. ಆಗ ರಾಯನ ನಾಯಕರು ಕಿತ್ತು ತಂದ ಕಲ್ಲಿಗೆ ಇಷ್ಟು ಎಂದು ಬೆಲೆ ಕಟ್ಟಿದರು: ಗಾತ್ರ ನೋಡಿ ಹತ್ತು, ಇಪ್ಪತ್ತು, ಐವತ್ತು ಪಣದವರೆಗೆ. ಹಣ ಕಂಡ ಮೇಲೆ ಜನ ಸಾವನ್ನೂ ಲೆಕ್ಕಿಸದೆ ಗೋಡೆ ಬಿಚ್ಚತೊಡಗಿದರು. ಅಷ್ಟಾದರೂ ಕೋಟೆ ಬೀಳಲಿಲ್ಲ. ಕಾಪಾಡಲು ಬಂದ ಇಸ್ಮಾಯಿಲ್ ಆದಿಲಶಹ ಕೃಷ್ಣೆಯ ದಂಡೆಯಲ್ಲಿ ಸೋತು ಹೊಳೆ ದಾಟಿ ಓಡಿದ. ಆಮೇಲೆ ಫಿಗೇರೆದೊ ಎಂಬ ಪೋರ್ಚುಗೀಸನು ಇಪ್ಪತ್ತು ಜನ ಬಂದೂಕಿನವರನ್ನು ಕಟ್ಟಿಕೊಂಡು ಬಂದ. ಕೋಟೆಯ ಅಧಿಕಾರಿ ಕೆಳಗೆ ಏನು ನಡೆದಿದೆಯೆಂದು ತೆನೆಯಿಂದ ಬಗ್ಗಿ ನೋಡಿದ. ಗುಂಡು ಹಣೆಗೆ ಬಡಿಯಿತು. ಮರುದಿನ ಬಾಗಿಲು ತೆರೆಯಿತು. ನೋಡು ಮಾವಾ, ಕೋಟೆಯನ್ನು ಕಲ್ಲು ಕಾಯಲಿಲ್ಲ, ಕಾಯುವವನು ಸತ್ತೊಡನೆ ಎಲ್ಲ ಮುಗಿಯಿತು. ಇನ್ನು 1565ರ ಜನವರಿಯಲ್ಲಿ ನಿಮ್ಮ ಹೊಳೆಯ ಮೇಲ್ಮಗ್ಗುಲಿಗೇ ರಕ್ಕಸಗಿ ತಂಗಡಗಿಯಲ್ಲಿ ಅಳಿಯ ರಾಮರಾಯನ ತಲೆ ಹೋಯಿತು. ರಾಯಚೂರು ಮುದಗಲ್ಲುಗಳ ಬೀಗದ ಕೈ ತಾನಾಗಿ ವಿಜಾಪುರಕ್ಕೆ ನಡೆಯಿತು. ಎಲ್ಲೋ ನಡೆದ ಯುದ್ಧದಲ್ಲಿ ಒಡೆಯ ಸೋತರೆ ಇಲ್ಲಿಯ ನೀರು ಏನು ಮಾಡೀತು? ನಿಮ್ಮ ಜಲದುರ್ಗವನ್ನು ಯಾರೂ ಗೆಲ್ಲದಿದ್ದರೆ, ಗೆಲ್ಲುವ ಗರಜು ಯಾರಿಗೂ ಬೀಳದೆ ಇದ್ದೀತು.

ಮಾವ ಮರುಮಾತಾಡಲಿಲ್ಲ. ಬೀಡಿ ಹಚ್ಚಿಕೊಂಡು ಹೊಲಕ್ಕೆ ಹೋದ. ರಾತ್ರಿ ಊಟಕ್ಕೆ ಕುಳಿತಾಗಲೂ ನನ್ನೊಡನೆ ಮಾತಿಲ್ಲ. ಅತ್ತೆ ಬಡಿಸುತ್ತ ಮೆಲ್ಲಗೆ, "ಆ ಮನಿಶಾನ ಹತ್ರ ಇರೂದು ಅದೊಂದ ಆಸ್ತಿ. ಅದನ್ನೂ ಕಸಗೊಂಡಿಯಲ್ಲ" ಎಂದಳು. ಆ ಮಾತು ಆಗ ಅಷ್ಟು ನಾಟಲಿಲ್ಲ.

ನನ್ನ ತರಗತಿಯ ಉಪನ್ಯಾಸ ಮಾತ್ರ ವರ್ಷದಿಂದ ವರ್ಷಕ್ಕೆ ಸೊಗಸಾಯಿತು. ಕೌಟಿಲ್ಯನಿಂದ ಸುರುಮಾಡುತ್ತಿದ್ದೆ. ದುರ್ಗಗಳು ನಾಲ್ಕು ಬಗೆ: ನೀರಿನದು, ಬೆಟ್ಟದ್ದು, ಮರುಭೂಮಿಯದು, ಕಾಡಿನದು. ಕೊನೆಯ ಎರಡು ಆಪತ್ತಿನಲ್ಲಿ ರಾಜ ತಪ್ಪಿಸಿಕೊಂಡು ಹೋಗುವುದಕ್ಕೆ. ಹೊಳೆಯ ಕೋಟೆ, ಬೆಟ್ಟದ ಕೋಟೆ ಇವು ಜನರನ್ನು ಕಾಪಾಡುವುದಕ್ಕೆ. ಎಷ್ಟು ದೂರದೃಷ್ಟಿ ನೋಡಿ ಎಂದು ಬೆರಳೆತ್ತುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಎಲ್ಲ ಕೋಟೆಗಳಿಗೂ ಮಿಗಿಲಾದ ಒಂದು ಗೋಡೆ ಜಲದುರ್ಗದ ಮೇಲ್ದಂಡೆಗೆ 1982ರಲ್ಲಿಯೇ ಎದ್ದಿತ್ತು. ನಾರಾಯಣಪುರದ ಅಣೆಕಟ್ಟು, ಬಸವಸಾಗರ. ಹತ್ತು ಕಿಲೋಮೀಟರಿಗೂ ಮಿಕ್ಕ ಉದ್ದ. ಮುದಗಲ್ಲಿನ ಕೋಟೆ ಕಟ್ಟಿದವರು ಅದನ್ನು ಕಂಡಿದ್ದರೆ ತಮ್ಮ ಮುಂಡಾಸು ಬಿಚ್ಚಿಡುತ್ತಿದ್ದರು. ಬರದ ನಾಡಿನ ಎಷ್ಟೋ ಹೊಲಗಳಿಗೆ ಅದು ನೀರುಣಿಸಿತು, ಅದನ್ನು ಮರೆಯಬಾರದು. ನನ್ನ ಉಪನ್ಯಾಸದಲ್ಲಿ ಮಾತ್ರ ಆ ಗೋಡೆಗೆ ಜಾಗವಿರಲಿಲ್ಲ. ಅದು ಇತಿಹಾಸವಲ್ಲವಷ್ಟೆ!

2019ರ ಆಗಸ್ಟ್ ತಿಂಗಳು ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಲಾಪುರಗಳ ಕಡೆ ಆಕಾಶವೇ ಹರಿದು ಬಿದ್ದಿತು. ನಮ್ಮಲ್ಲಿ ಆಗ ಒಳ್ಳೆಯ ಬಿಸಿಲು. ಇದು ನಮ್ಮ ಹೊಳೆಯ ವಿಚಿತ್ರ. ಮಳೆ ಯಾವ ಊರಲ್ಲೋ, ಹೊಳೆ ಬರುವುದು ನಮ್ಮೂರಿಗೆ. ಆಲಮಟ್ಟಿಯಿಂದ ನಾರಾಯಣಪುರಕ್ಕೆ, ನಾರಾಯಣಪುರದಿಂದ ಕೆಳಕ್ಕೆ ಲಕ್ಷ ಲಕ್ಷ ಕ್ಯೂಸೆಕ್ಸು. ಗಡ್ಡಿಯ ಊರುಗಳಿಗೆ ಹೋಗುವ ಶೀಲಹಳ್ಳಿಯ ಸೇತುವೆ ಮುಳುಗಿತು. ಇದು ಹೊಸದೇನಲ್ಲ, ಹೊಳೆ ಏರಿದಾಗೆಲ್ಲ ಅದು ಮುಳುಗುವುದೇ. ಊರವರು ಸುತ್ತಿನ ದಾರಿ ಹಿಡಿಯುತ್ತಿದ್ದರು. ಆ ಸಲ ಸುತ್ತಿನ ದಾರಿಯೂ ಮುಚ್ಚಿತು. ಅತ್ತೆ ಫೋನಿನಲ್ಲಿ, "ಜ್ವಾಳಾ ಐತಿ, ಹಿಟ್ಟು ಐತಿ, ಚಿಂತಿ ಮಾಡಬ್ಯಾಡ್ರಿ" ಎಂದಿದ್ದಳು. ನಾವು ಮಾಡಲಿಲ್ಲ.

ಎರಡನೆಯ ದಿವಸ ಸಂಜೆ ಮಾವನಿಗೆ ಎದೆ ನೋವು ಕಾಣಿಸಿಕೊಂಡಿತು. ರಾತ್ರಿ ಹತ್ತಕ್ಕೆ ಅತ್ತೆಯ ಫೋನು ಬಂತು. ಮೊದಲು ಅವಳು ಕೇಳಿದ್ದು, "ನೀರು ಇಳೀತದಂತೇನು, ಪೇಪರಿನ್ಯಾಗ ಏನ್ ಬರದಾರ?" ಎಂದು. ಆಮೇಲೆ ಮಾವನ ವಿಷಯ. ನಾನು ಒಬ್ಬ ಡಾಕ್ಟರರನ್ನು ಎಬ್ಬಿಸಿ ಫೋನಿನಲ್ಲಿಯೇ ಮಾತಾಡಿಸಿದೆ. ಅವರು ಕೂಡಲೇ ಕರೆತನ್ನಿ ಎಂದರು. ಕರೆತರುವುದು ಹೇಗೆ? ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ಅವರ ಮಗನಿಗೆ ತಿಳಿಸಿದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತ. ಇಬ್ಬರೂ ಹೊಳೆಯ ದಂಡೆಗೆ ಹೋದೆವು.

ಸೇತುವೆ ಇದ್ದ ಜಾಗ ತಿಳಿಯುತ್ತಿತ್ತು. ಅಲ್ಲಿ ನೀರು ಸ್ವಲ್ಪ ಉಬ್ಬಿ, ಮುಂದೆ ನೊರೆಯಾಗಿ ಬೀಳುತ್ತಿತ್ತು. ಪೊಲೀಸರು ಅಡ್ಡ ಹಗ್ಗ ಕಟ್ಟಿದ್ದರು. ಮೊಬೈಲಿನಲ್ಲಿ ಹೊಳೆಯ ಚಿತ್ರ ತೆಗೆಯಲು ಬಂದ ಜನ ಜಾತ್ರೆಯ ಹಾಗೆ ನೆರೆದಿದ್ದರು. ಚುರುಮುರಿ ಮಾರುವವನೂ ಬಂದಿದ್ದ. ಹರಿಗೋಲಿನವನೊಬ್ಬನನ್ನು ಕಾಡಿದೆವು. ಅವನು ನೀರನ್ನೇ ಒಂದು ಗಳಿಗೆ ನೋಡಿ, "ನನಗೂ ಮಕ್ಕಳದಾವ್ರೀ" ಎಂದ. ಇಳಿಯುತ್ತೇನೆಂದರೂ ಬಿಡುವವರಿರಲಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಫೋನು ಬಂತು. ಮಾವ ಹೋಗಿಬಿಟ್ಟಿದ್ದ.

ನೀರು ಇಲ್ಲದಿದ್ದರೆ ಉಳಿಯುತ್ತಿದ್ದನೇ? ಯಾರಿಗೂ ಹೇಳಲು ಬಾರದು. ಲಿಂಗಸುಗೂರಿಗೆ ತಂದಮೇಲೆ ರಾಯಚೂರಿಗೆ ಹೋಗಿ ಎನ್ನುತ್ತಿದ್ದರೇನೋ. ಅಷ್ಟು ದೂರ ತಾಳುತ್ತಿದ್ದನೋ ಇಲ್ಲವೋ. ನಾನು ಎಷ್ಟೋ ಸಲ ಈ ಲೆಕ್ಕ ಮಾಡಿದ್ದೇನೆ. ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಆ ದಿವಸ ನಮ್ಮ ಮುಂದೆ ಇದ್ದದ್ದು ಬೇರೆ ಪ್ರಶ್ನೆ. ಮಗ ಬರುವವರೆಗೆ ಕಾಯುವುದೇ? ಮಗನೇನೋ ಬಂದಿದ್ದ, ಕೂಗಳತೆಗೆ ಸ್ವಲ್ಪ ಆಚೆ ನಿಂತಿದ್ದ. ನೀರು ನಾಳೆ ಇಳಿಯುವುದೋ, ವಾರಕ್ಕೆ ಇಳಿಯುವುದೋ ಯಾರು ಬಲ್ಲರು? ಊರ ಹಿರಿಯರು ಫೋನಿನಲ್ಲಿ ಅವನನ್ನೇ ಕೇಳಿದರು. ಅವನು ಬಹಳ ಹೊತ್ತು ಸುಮ್ಮನಿದ್ದು, "ಮಾಡಿಬಿಡ್ರಿ" ಎಂದ. ಸಂಜೆ ಅವನ ಚಿಕ್ಕಪ್ಪನ ಮಗ ಮುಂದೆ ನಿಂತು ಹೊಲದಲ್ಲಿ ಮಣ್ಣು ಮಾಡಿದ. ಭಜನೆಯ ತಾಳ ಫೋನಿನಲ್ಲಿ ಒಮ್ಮೆ ಕೇಳುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಅವನು ದಂಡೆಯ ಒಂದು ಹಿಡಿ ಮಣ್ಣು ತೆಗೆದುಕೊಂಡು ನೀರಿಗೆ ಬಿಟ್ಟ. ಆ ಮಣ್ಣು ಆ ಕಡೆಗೆ ಹೋಗಲಿಲ್ಲ. ಹೊಳೆ ಅದನ್ನು ಕೆಳಕ್ಕೆ ಒಯ್ದಿತು.

ನಾನು ಅವನ ಪಕ್ಕದಲ್ಲಿ ನಿಂತಿದ್ದೆ. ಯಾವ ದಂಡೂ ಕಾಲಿಡಲಾರದ ಕೋಟೆ ಎಂದು ಮಾವ ಹೇಳಿದ್ದನ್ನು ನಾನು ಅಲ್ಲಗಳೆದಿದ್ದೆನಲ್ಲ. ಅಂದು ನೀರು ಅವನ ಮಾತನ್ನೇ ಹಿಡಿದಿತ್ತು. ಮಗನಿಗೂ ಕಾಲಿಡಲಾಗಲಿಲ್ಲ.

ನೀರು ಇಳಿದು ಸೇತುವೆಯ ಬೆನ್ನು ಕಾಣಿಸಿಕೊಂಡ ದಿನ ಕೆಸರು ತುಳಿಯುತ್ತ ಹೋದೆವು. ಅತ್ತೆ ಬಾಗಿಲಲ್ಲಿ ಕುಳಿತಿದ್ದಳು. ಅಳುವುದೆಲ್ಲ ಮುಗಿದಿತ್ತು. ನನಗೆ ಹೇಳಿದ ಮೊದಲ ಮಾತು, "ನಿನ್ನ ಮ್ಯಾಲ ಅವರಿಗೆ ಸಿಟ್ಟಿರಲಿಲ್ಲಪ್ಪಾ. ಬಂದೋರ ಮುಂದೆಲ್ಲ, ನಮ್ಮ ಅಳಿಯಾಗ ರಾಯಚೂರ ಕ್ವಾಟಿ ಕಲ್ಲಿನ ಲೆಕ್ಕಾನೂ ಗೊತ್ತೈತಿ ಅಂತ ಹೇಳತಿದ್ರು." ಕಲ್ಲಿಗೆ ಬೆಲೆ ಕಟ್ಟಿದ ಕಥೆಯನ್ನು ಅವನು ಇಡೀ ಗಡ್ಡಿಗೆ ಹೇಳಿದ್ದನಂತೆ, ಸ್ವಲ್ಪ ಬೆಲೆ ಏರಿಸಿಯೇ ಹೇಳಿದ್ದನಂತೆ.

ಆ ವರ್ಷ ತರಗತಿಯಲ್ಲಿ ಕೌಟಿಲ್ಯನ ದುರ್ಗಗಳು ಬಂದಾಗ ನಾಲ್ಕು ಹೆಸರು ಹೇಳಿ ಮುಂದಿನ ಪಾಠಕ್ಕೆ ಹೋದೆ. ಜಾಣ ಹುಡುಗಿಯೊಬ್ಬಳು ಎದ್ದು, "ಸರ್, ಯಾವುದು ಯಾತಕ್ಕೆ ಅಂತ ಹೇಳಲಿಲ್ಲ" ಎಂದಳು. ಹಿಂದಿನ ವರ್ಷದವರ ಟಿಪ್ಪಣಿ ಅವಳ ಕೈಯಲ್ಲಿತ್ತು. ಅದರಲ್ಲಿದ್ದದ್ದನ್ನು ಅವಳೇ ಓದಿದಳು. ಕೌಟಿಲ್ಯ ತಪ್ಪು ಹೇಳಿಲ್ಲ. ಹೊರಗಿನವನನ್ನು ತಡೆಯುವ ಉಪಾಯ ಹೇಳಿದ. ಒಳಗಿನವನಿಗೆ ಒಂದು ರಾತ್ರಿ ಎದೆ ನೋವು ಬಂದೀತೆಂಬುದು ಅರ್ಥಶಾಸ್ತ್ರದ ವಿಷಯವಲ್ಲ.

ಅತ್ತೆಯನ್ನು ನಮ್ಮಲ್ಲಿಗೇ ಕರೆತಂದೆವು. ಮನೆಗೆ ಬೀಗ ಹಾಕಿ ಬಂದವಳು ಎರಡು ತಿಂಗಳಿದ್ದಳು. ದೀಪಾವಳಿ ಕಳೆದೊಡನೆ ಗಂಟು ಕಟ್ಟಿದಳು. ಬೈದೆ, ಬೇಡಿದೆ. "ಹೊಲದಾಗ ಅವರನ್ನ ಒಬ್ಬರನ್ನ ಬಿಟ್ಟು ಇಲ್ಲಿ ಫ್ಯಾನಿನ ಕೆಳಗ ಕೂತರ ಆದೀತೇನು?" ಎಂದಳು. ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಕಾರಹುಣ್ಣಿಮೆ ಮುಗಿದ ಮೇಲೆ ಆಕೆ ನಮ್ಮಲ್ಲಿ. ಹೊಳೆ ಇಳಿದ ಮೇಲೆ ತನ್ನ ಕೋಟೆಯಲ್ಲಿ. ಹಿಂದಿನ ರಾಜರೂ ಮಳೆಗಾಲದಲ್ಲಿ ಯುದ್ಧ ನಿಲ್ಲಿಸುತ್ತಿದ್ದರು. ಗಡ್ಡಿಯ ಊರಿನವರನ್ನೆಲ್ಲ ಈಚೆ ತಂದು ನೆಲೆಗೊಳಿಸಬೇಕೆಂಬ ಮಾತು ಹೊಳೆ ಬಂದಾಗಲೆಲ್ಲ ಬರುತ್ತದೆ, ಹೊಳೆಯೊಡನೆಯೇ ಇಳಿಯುತ್ತದೆ. ಬರಬೇಕೆನ್ನುವವನು ನಾನು. ಆದರೆ ನಾನು ಗುರುಗುಂಟಾ ಬಿಟ್ಟು ಇಪ್ಪತ್ತು ವರ್ಷವಾಯಿತು. ಬಿಟ್ಟು ಬರುವುದು ನನಗೆ ಸುಲಭದ ಉಪದೇಶ.

ಕಳೆದ ವರ್ಷ ಆಗಸ್ಟಿನಲ್ಲಿ ಆಕೆ ಇಲ್ಲಿಯೇ ಇದ್ದಳು. ಒಂದು ಮಧ್ಯಾಹ್ನ ಕಸ ಗುಡಿಸಲೆಂದು ನನ್ನ ಕೋಣೆಗೆ ಬಂದವಳು ಕಸಬರಿಗೆ ಹಿಡಿದೇ ಕ್ಯಾಲೆಂಡರಿನ ಮುಂದೆ ನಿಂತುಬಿಟ್ಟಳು.

"ಇದು ಯಾವ ಕ್ವಾಟಿ?"

ಹೇಳಿದೆ. ದೂರದ ದೇಶದ್ದು, ಸರೋವರದ್ದು, ಒಬ್ಬನನ್ನು ಒಳಗೆ ಕಂಬಕ್ಕೆ ಕಟ್ಟಿದ್ದರು ಎಂದೆಲ್ಲ. ಅವಳಿಗೆ ಬೋನಿವಾರನ ಕಥೆ ಬೇಕಾಗಿರಲಿಲ್ಲ. ಚಿತ್ರದ ಕಿಟಕಿಗಳ ಮೇಲೆ ಬೆರಳಾಡಿಸುತ್ತಿದ್ದಳು.

"ಇದರಾಗ ಈಗ ಮಂದಿ ಅದಾರೇನು?"

"ಇಲ್ಲ ಅತ್ತಿ. ಚೀಟಿ ತಗೊಂಡು ನೋಡಿ ಹೋಗ್ತಾರ. ಸಂಜಿಗೆ ಬಾಗಿಲು ಹಾಕ್ತಾರ."

"ಮತ್ತ ರಾತ್ರಿ ದೀಪಾ ಯಾರು ಹಚ್ಚತಾರ?"

ನನಗೆ ಗೊತ್ತಿರಲಿಲ್ಲ. ವಿದ್ಯಾರ್ಥಿಗೆ ಬರೆದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅಂದಿನಿಂದ ದಿನಾಲು ಆ ಕೋಣೆಗೆ ಬಂದು ಒಂದು ಗಳಿಗೆ ಆ ಕೋಟೆಯನ್ನು ನೋಡಿ ಹೋಗುವುದು ಅವಳ ರೂಢಿಯಾಯಿತು. ಸೆಪ್ಟೆಂಬರು ಬಂದಾಗ ಹಾಳೆ ತಿರುವಲು ಕೈಯೆತ್ತಿದೆ. ಆ ತಿಂಗಳದ್ದು ಬೆಟ್ಟದ ತುದಿಯ ಕೋಟೆ, ಅದರ ಹತ್ತಿರ ನೀರೇ ಇರಲಿಲ್ಲ. ಹಾಗೆಯೇ ಬಿಟ್ಟೆ.

ಈ ವರ್ಷವೂ ಕಾರಹುಣ್ಣಿಮೆ ಮುಗಿಸಿ ಬಂದಿದ್ದಾಳೆ. ಮುಂಜಾನೆ ಪತ್ರಿಕೆ ಬಂದೊಡನೆ ನನ್ನ ಚಹಾದ ಬಟ್ಟಲಿನೊಡನೆ ತಾನೂ ಬಂದು ಎದುರಿಗೆ ಕೂರುತ್ತಾಳೆ. ಅಕ್ಷರ ಬಾರದು, ಆದರೆ ಜಲಾಶಯಗಳ ಮಟ್ಟ ಯಾವ ಪುಟದ ಯಾವ ಮೂಲೆಯಲ್ಲಿರುತ್ತದೆಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿಗೆ ಬೆರಳಿಟ್ಟು ಕೇಳುತ್ತಾಳೆ:

"ನಾರಾಯಣಪುರದ್ದು ಓದು. ಇವತ್ತೆಷ್ಟು ಬಿಟ್ಟಾರ?"